ಎಳೆ ಎಣಿಸದ ಗೋಪುರ

ಗ್ರೇಟರ್ ನೋಯ್ಡಾದಲ್ಲಿ ಬಡಾವಣೆಗಳಿಗೆಲ್ಲ ಗ್ರೀಕ್ ಅಕ್ಷರಗಳ ಹೆಸರು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಧಾರವಾಡದಿಂದ ನಮ್ಮಕ್ಕ ಫೋನ್ ಮಾಡಿ, ‘ಯಾವ ಓಣ್ಯಾಗ ಅದೀವಾ?’ ಅಂದಳು. ‘ಬೀಟಾದಾಗ’ ಅಂದೆ. ‘ಹಂಗಂದ್ರ ಏನು, ಗುಳಿಗಿ ಹೆಸರೇನ ಅದು?’ ಅಂದಳು. ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರು ತಿರುವಿ, ನಿವೃತ್ತಳಾದ ಮೇಲೆ ಮಗನ ಮನೆ ಅಂತ ಬಂದವಳು ನಾನು. ಅಗಲವಾದ ರಸ್ತೆಗಳು, ಎತ್ತರದ ಕಟ್ಟಡಗಳು, ನಡುವೆ ಅಲ್ಲಲ್ಲಿ ಇನ್ನೂ ಉಳಿದಿರುವ ಹಳ್ಳಿಗಳು. ಚಳಿಗಾಲದಲ್ಲಿ ಮಂಜು ಬಿದ್ದರೆ ಎದುರಿನ ಟವರೇ ಕಾಣುವುದಿಲ್ಲ. ಮಾತಿಗೆ ಜನ ಸಿಗುವುದು ಕಷ್ಟ. ದೆಹಲಿ ಕರ್ನಾಟಕ ಸಂಘಕ್ಕೆ ಹೋಗೋಣವೆಂದರೆ ಅದು ಇರುವುದು ಆರ್.ಕೆ. ಪುರದಲ್ಲಿ. ಹೋಗಿ ಬರುವುದರಲ್ಲಿ ಒಂದು ದಿನವೇ ಮುಗಿಯುತ್ತದೆ.

ಆದರೆ ಈ ಬರಹ ಒಂಟಿತನದ ಬಗ್ಗೆ ಅಲ್ಲ, ಒಂದು ದಿಂಬಿನ ಗವಸಿನ ಬಗ್ಗೆ.

ಇಲ್ಲಿ ಪರಿ ಚೌಕದ ಹತ್ತಿರ, ನಾಲೆಡ್ಜ್ ಪಾರ್ಕಿನಲ್ಲಿ ಇಂಡಿಯಾ ಎಕ್ಸ್‌ಪೋ ಮಾರ್ಟ್ ಅಂತ ಇದೆ. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯವರು ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಅಲ್ಲಿ ದೊಡ್ಡ ಮೇಳ ನಡೆಸುತ್ತಾರೆ. ನಮ್ಮ ಕಡೆ ಜಾತ್ರೆಯ ಹಾಗೆ ಯಾರು ಬೇಕಾದರೂ ಹೋಗಿ ಬಳೆ ಕೊಳ್ಳುವ ಮೇಳವಲ್ಲ. ವಿದೇಶದಿಂದ ಬಂದ ಖರೀದಿದಾರರು ಸಗಟಿನಲ್ಲಿ ಆರ್ಡರ್ ಕೊಡುವ ಜಾಗ. ಮೊರಾದಾಬಾದಿನ ಹಿತ್ತಾಳೆ, ಸಹಾರನ್‌ಪುರದ ಕಟ್ಟಿಗೆ, ಜೈಪುರದ ರಜಾಯಿ ಎಲ್ಲ ಅಲ್ಲಿಗೆ ಬರುತ್ತವೆ. ನನ್ನ ಸೊಸೆ ಬಟ್ಟೆ, ಗೋಡೆ ಕಾಗದ, ಪಿಂಗಾಣಿ ಇಂಥವುಗಳ ಮೇಲ್ಮೈಗೆ ಚಿತ್ತಾರ ಬರೆದು ಮಾರುವವಳು. ಬುಲಂದಶಹರದ ಹುಡುಗಿ. ಅವಳಿಗೆ ಕನ್ನಡ ಬರುವುದಿಲ್ಲ, ನನ್ನ ಹಿಂದಿ ಬ್ಯಾಂಕಿನ ಹಿಂದಿ ದಿವಸದ ಮಟ್ಟದ್ದು. ಹಾಗಾಗಿ ನಮ್ಮಿಬ್ಬರ ನಡುವೆ ಮಾತಿಗಿಂತ ತೋರಿಸುವುದೇ ಜಾಸ್ತಿ. ಅವಳ ಜೊತೆ ಒಂದು ಸಲ ಆ ಮೇಳಕ್ಕೆ ಹೋದೆ.

ಒಂದು ಮಳಿಗೆಯಲ್ಲಿ ಕರೀ ಗವಸುಗಳ ಸಾಲು. ಕರೀ ನೆಲದ ಮೇಲೆ ಕೆಂಪು, ಹಸಿರು, ಕಿತ್ತಳೆ, ಬಿಳಿ. ಗೋಪುರ, ತೇರು, ಗಿಳಿ, ತುಳಸಿ ವೃಂದಾವನ. ಚೀಟಿಯಲ್ಲಿ ‘ಕಸೂತಿ ಪ್ರೇರಿತ’ ಅಂತ ಇಂಗ್ಲಿಷಿನಲ್ಲಿ. ಸಾವಿರಾರು ಮೈಲಿ ದೂರದಲ್ಲಿ ತವರಿನವರು ಎದುರಾದ ಹಾಗಾಯಿತು. ಓಡಿ ಹೋಗಿ ಕೈಗೆತ್ತಿಕೊಂಡೆ. ಎತ್ತಿಕೊಂಡ ಮೇಲೆ ಗೊತ್ತಾಯಿತು, ಅದು ಹೊಲಿಗೆಯಲ್ಲ, ಮುದ್ರಣ. ಹೊಲಿಗೆಯ ಹಾಗೆ ಕಾಣಲೆಂದು ಗೆರೆಗಳನ್ನು ತುಂಡು ತುಂಡು ಮಾಡಿ ಅಚ್ಚು ಹಾಕಿದ್ದರು. ತುಳಸಿ ವೃಂದಾವನ ಒಂದು ನೆಟ್ಟಗೆ, ಮುಂದಿನದು ತಲೆಕೆಳಗೆ!

ಸಿಟ್ಟು ಬಂತು. ಮಳಿಗೆಯವನಿಗೆ ಏನೂ ಅನ್ನಲಿಲ್ಲ, ಪಾಪ, ಅವನೇನು ಬರೆದವನಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಸೊಸೆಯ ಮುಂದೆ ಎಲ್ಲ ಕಕ್ಕಿದೆ. ಅವಳು ಪೂರಾ ಕೇಳಿಸಿಕೊಂಡು, ‘ಮಮ್ಮೀಜಿ, ಇದರಲ್ಲಿ ಗವಸಿನ ತಪ್ಪು ಎಷ್ಟು, ನಿಮ್ಮ ಊರಿನ ನೆನಪು ಎಷ್ಟು? ಬೇರೆ ಬೇರೆ ಮಾಡಿ ಹೇಳಿ’ ಅಂದಳು. ಆಡಿಟ್‌ಗೆ ಬಂದವರು ಕೂಡ ನನ್ನನ್ನು ಇಷ್ಟು ನೇರವಾಗಿ ಕೇಳಿದ್ದಿಲ್ಲ. ಬೇರೆ ಬೇರೆ ಮಾಡಿ ಹೇಳುವ ಪ್ರಯತ್ನವೇ ಇದು.

ಮೊದಲು ಕಸೂತಿ ಹೇಗೆ ಆಗುತ್ತದೆ ಅನ್ನುವುದನ್ನು ಹೇಳಬೇಕು. ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ, ಆದರೆ ಮೈಸೂರು ಸೀಮೆಯ ಓದುಗರಿಗೆ ಬೇಕಾದೀತು. ಅದರಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂಥೆ. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಿಂದ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ ಒಂದು ಕೆಳಗೆ ಅಂತ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರುತ್ತ ಖಾಲಿ ಬಿಟ್ಟದ್ದನ್ನು ತುಂಬುತ್ತದೆ. ಮುಗಿದ ಮೇಲೆ ಬಟ್ಟೆ ಹೊರಳಿಸಿದರೆ ಎರಡೂ ಕಡೆ ಒಂದೇ. ಎಂ.ಕಾಂ. ಓದುವಾಗ ದ್ವಿನಮೂದು ಪದ್ಧತಿಯ ಪಾಠ ಬಂದಾಗ ನನಗೆ ನೆನಪಾದದ್ದು ಗವಂತಿಯೇ. ಜಮಾ ಇದ್ದಷ್ಟೇ ಖರ್ಚು, ಮುಂಭಾಗ ಇದ್ದಷ್ಟೇ ಹಿಂಭಾಗ. ಒಂದು ಎಳೆ ತಪ್ಪಿದರೆ ಹತ್ತು ಸಾಲು ಆದ ಮೇಲೆ ಕೊಂಡಿ ಕೂಡುವುದಿಲ್ಲ, ಟ್ರಯಲ್ ಬ್ಯಾಲೆನ್ಸ್ ಕೂಡದ ಹಾಗೆ.

ಈ ಎಣಿಕೆಯಿಂದಲೇ ಕಸೂತಿಯ ರೂಪ ಹುಟ್ಟಿದ್ದು. ಎಳೆ ಎಣಿಸುವವಳು ಅಡ್ಡ ಹೋಗಬಹುದು, ಉದ್ದ ಹೋಗಬಹುದು, ಓರೆಯಾಗಿ ಹೋಗಬಹುದು. ಬಾಗಿದ ಗೆರೆ ಅವಳಿಗೆ ಸಾಧ್ಯವಿಲ್ಲ. ಅದಕ್ಕೇ ಕಸೂತಿಯ ಗಿಳಿಯ ಹೊಟ್ಟೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ, ಆನೆಯ ಸೊಂಡಿಲು ಮುರಿದು ಮುರಿದು ಇಳಿಯುತ್ತದೆ. ಅದು ಕೈಲಾಗದ್ದರ ಗುರುತಲ್ಲ. ಅದೇ ಅದರ ನಡಿಗೆ. ಮೇಳದ ಗವಸಿನಲ್ಲಿ ಗಿಳಿಯ ಹೊಟ್ಟೆ ನುಣ್ಣಗೆ ಬಾಗಿತ್ತು, ಗೋಪುರದ ತುದಿ ಬಾಳೆಹೂವಿನ ಹಾಗೆ ಉಬ್ಬಿತ್ತು. ಗಣಕದಲ್ಲಿ ಯಾವುದೋ ಫೋಟೋದ ಮೇಲೆ ಗೆರೆ ಎಳೆದು, ಆಮೇಲೆ ಆ ಗೆರೆಯನ್ನು ಹೊಲಿಗೆಯ ಹಾಗೆ ತುಂಡರಿಸಿದ್ದಾರೆ. ಹೊಲಿಗೆಯ ಕಟ್ಟುಪಾಡು ಒಂದನ್ನೂ ಒಪ್ಪದೆ ಹೊಲಿಗೆಯ ವೇಷ ಮಾತ್ರ ಹಾಕಿಕೊಂಡಿದ್ದರೆ ಅದನ್ನು ತಪ್ಪು ಅನ್ನಲೇಬೇಕು. ಇದು ನನ್ನ ಊರಿನ ನೆನಪಲ್ಲ. ಜಪಾನಿನವರು ನೋಡಿದರೂ ಇದೇ ತಪ್ಪು.

ಎರಡನೆಯದು, ಅಳತೆ. ಕಸೂತಿ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ತಾರ, ಸೆರಗಿನಿಂದ ದೂರ ಸರಿದಂತೆ ಸಣ್ಣಗಾಗುತ್ತ ಕೊನೆಗೆ ಬರೀ ಚುಕ್ಕಿಯಂಥ ಬುಟ್ಟಿಗಳು. ಸೀರೆ ಉಟ್ಟವಳ ಮೈ ಮೇಲೆ ಯಾವುದು ಎಲ್ಲಿ ಕೂರುತ್ತದೆ ಅನ್ನುವ ಲೆಕ್ಕ ಅದರಲ್ಲಿದೆ. ಗವಸಿನಲ್ಲಿ ತೇರು, ಗಿಳಿ, ವೃಂದಾವನ ಎಲ್ಲ ಒಂದೇ ಅಳತೆ, ಸಮ ಅಂತರ. ನೋಡಿದರೆ ಪಾಸ್‌ಬುಕ್ಕಿನ ಮೇಲೆ ಸಾಲಾಗಿ ಒತ್ತಿದ ಮೊಹರಿನ ಹಾಗೆ.

ಮೂರನೆಯದು ತಲೆಕೆಳಗಾದ ವೃಂದಾವನ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದ್ದು ಅದೇ. ಆದರೆ ಸೊಸೆ ಅದಕ್ಕೆ ಕಾರಣ ಹೇಳಿದಳು. ಬಟ್ಟೆಯನ್ನು ಎತ್ತ ಕಡೆಯಿಂದ ಕತ್ತರಿಸಿದರೂ ನಡೆಯುವಂತೆ ಇರಲಿ ಅಂತ ಚಿತ್ತಾರವನ್ನು ಎರಡೂ ದಿಕ್ಕಿಗೆ ಬರೆಯುವುದು ಈ ಕಸುಬಿನ ರೂಢಿ. ಚಿತ್ತಾರಕ್ಕೆ ಒಂದೇ ದಿಕ್ಕಿದ್ದರೆ ಕತ್ತರಿಸುವಾಗ ಬಟ್ಟೆ ಹಾಳಾಗುತ್ತದೆ, ದರ ಏರುತ್ತದೆ. ಎಲೆಯೋ ಹೂವೋ ಆದರೆ ತಲೆಕೆಳಗಾದರೂ ನಡೆಯುತ್ತದೆ. ವೃಂದಾವನಕ್ಕೆ ಬುಡ ಅಂತ ಒಂದಿದೆ, ತೇರಿಗೆ ಗಾಲಿ ಇದೆ. ಬುಡ ಇರುವ ವಸ್ತುವನ್ನು ಬುಡ ಬೇಕಿಲ್ಲದ ಕೆಲಸಕ್ಕೆ ಆರಿಸಿದ್ದೇ ತಪ್ಪು ಅಂತ ಅವಳೂ ಒಪ್ಪಿದಳು. ಪೂಜೆಯ ವಸ್ತು ಅನ್ನುವ ನನ್ನ ನೋವನ್ನು ಮಾತ್ರ ಅವಳು ಪಕ್ಕಕ್ಕಿಟ್ಟಳು. ಇರಲಿ, ನಾನೂ ಇಲ್ಲಿ ಪಕ್ಕಕ್ಕಿಡುತ್ತೇನೆ.

1856ರಲ್ಲಿ ಲಂಡನ್ನಿನಲ್ಲಿ ಓವೆನ್ ಜೋನ್ಸ್ ಎಂಬಾತ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಅಂತ ದೊಡ್ಡ ಪುಸ್ತಕ ತಂದ. ಜಗತ್ತಿನ ಎಲ್ಲ ದಿಕ್ಕಿನ ಅಲಂಕಾರಗಳನ್ನು ಬಣ್ಣದ ಹಾಳೆಗಳಲ್ಲಿ ಅಚ್ಚು ಹಾಕಿಸಿದ ಪುಸ್ತಕ. 1851ರ ಮಹಾ ಪ್ರದರ್ಶನದಲ್ಲಿ ನಮ್ಮ ದೇಶದ ಬಟ್ಟೆಗಳನ್ನು ನೋಡಿ ಬೆರಗಾದವರಲ್ಲಿ ಆತನೂ ಒಬ್ಬ. ಸೊಸೆಯ ಮೇಜಿನ ಮೇಲೆ ಅದರ ಹೊಸ ಮುದ್ರಣ ಇದೆ. ಹಿಂದಿನವರ ಕೆಲಸದಲ್ಲಿ ಅಡಗಿರುವ ನಿಯಮಗಳನ್ನು ನಾವು ತೆಗೆದುಕೊಳ್ಳಬಹುದು, ಅವರ ಫಲಗಳನ್ನಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಇಷ್ಟು ಹೇಳಿದ ಮನುಷ್ಯನೇ ಫಲಗಳ ನೂರು ಹಾಳೆ ಅಚ್ಚು ಹಾಕಿಸಿದರೆ ಜನ ಏನು ಮಾಡಿಯಾರು? ನಕಲು ಮಾಡಿದರು. ಇವತ್ತಿಗೂ ಮಾಡುತ್ತಿದ್ದಾರೆ.

ಇನ್ನು ಸೊಸೆಯ ಸ್ವಂತ ಕೆಲಸ. ಮನೆಯವಳು ಅಂತ ಬಿಟ್ಟುಬಿಡುವುದಿಲ್ಲ, ಅದನ್ನೂ ಅಳೆಯಬೇಕು. ಅವಳ ಮೊದಲ ಹಾಳೆಗಳು ನನಗೆ ಹಿಡಿಸಲಿಲ್ಲ. ವಿಲಾಯತಿ ಗುಲಾಬಿ, ಯಾವುದೋ ದೇಶದ ಹಣ್ಣು, ಎಲ್ಲ ಪುಸ್ತಕ ನೋಡಿ ಬರೆದವು. ಗುಲಾಬಿಯ ಎಲೆಯ ಅಂಚು ಎಲ್ಲ ಹಾಳೆಯಲ್ಲೂ ಒಂದೇ ಥರ, ಅಂದರೆ ಗುಲಾಬಿ ಗಿಡದ ಮುಂದೆ ಕೂತಿಲ್ಲ ಅನ್ನುವುದಕ್ಕೆ ಸಾಕ್ಷಿ. ವಿಲಿಯಂ ಮಾರಿಸ್ 1883ರಲ್ಲಿ ಬರೆದ ‘ಸ್ಟ್ರಾಬೆರಿ ಥೀಫ್’ ಎಂಬ ಬಟ್ಟೆಯ ಚಿತ್ತಾರವನ್ನು ಅವಳೇ ನನಗೆ ತೋರಿಸಿದ್ದು. ಆತನ ಕೆಲ್ಮ್‌ಸ್ಕಾಟ್ ಮನೆಯ ತೋಟದಲ್ಲಿ ಹಕ್ಕಿಗಳು ಹಣ್ಣು ಕದಿಯುತ್ತಿದ್ದವಂತೆ, ಆ ಕಳ್ಳರನ್ನೇ ಬರೆದಿದ್ದಾನೆ. ‘ಅವನ ಹಿತ್ತಲಿನ ಕಳ್ಳರು ಅವನಿಗೆ ಸಿಕ್ಕರು. ನಿನ್ನ ಹಿತ್ತಲಿನವರು ಎಲ್ಲಿ?’ ಅಂದೆ. ‘ನಮಗೆ ಹಿತ್ತಲೇ ಇಲ್ಲವಲ್ಲ ಮಮ್ಮೀಜಿ, ಹನ್ನೊಂದನೇ ಮಹಡಿ’ ಅಂದು ನಕ್ಕಳು.

ಆದರೆ ಮಾತು ಅವಳಿಗೆ ತಾಕಿರಬೇಕು. ಒಂದು ಭಾನುವಾರ ನನ್ನನ್ನು ಕಾಸ್ನಾ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಕುಳ್ಳಿನ ಬಣವೆಗಳು. ಇವರು ಅದಕ್ಕೆ ಬಿಟೋರಾ ಅನ್ನುತ್ತಾರೆ. ಮಳೆಗಾಲಕ್ಕೆ ನೆನೆಯದಿರಲಿ ಅಂತ ಒಣಗಿದ ಕುಳ್ಳುಗಳನ್ನು ಗುಡಿಸಲಿನ ಹಾಗೆ ಒಟ್ಟಿ, ಹೊರಗೆಲ್ಲ ಸಗಣಿ ಮೆತ್ತುತ್ತಾರೆ. ಮೆತ್ತಿದ್ದು ಹಸಿ ಇರುವಾಗಲೇ ಹೆಂಗಸರು ಬೆರಳಿನಿಂದ ಅದರ ಮೇಲೆ ಚಿತ್ತಾರ ಎಳೆಯುತ್ತಾರೆ. ಗೆರೆಯ ಪಕ್ಕ ಗೆರೆ, ಮೀನಿನ ಮುಳ್ಳಿನ ಹಾಗೆ, ತೆನೆಯ ಹಾಗೆ. ಬೇಸಿಗೆ ಬರುವ ಹೊತ್ತಿಗೆ ಅದನ್ನು ಒಡೆದು ಒಲೆಗೆ ಹಾಕುತ್ತಾರೆ. ಉರಿಸಲಿಕ್ಕೆ ಇಟ್ಟ ವಸ್ತುವಿಗೂ ಇಷ್ಟು ಅಕ್ಕರೆ! ಬಹುಮಹಡಿ ಕಟ್ಟಡದ ನೆರಳಿನಲ್ಲಿ ಆ ಬಣವೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ. ಸೊಸೆಗೂ ಅವಳ ತಾಯಿಯ ಅಹೋಯಿ ಅಷ್ಟಮಿ ನೆನಪಾಯಿತಂತೆ. ದೀಪಾವಳಿಗೆ ಎಂಟು ದಿನ ಮೊದಲು ಮಕ್ಕಳಿಗಾಗಿ ತಾಯಂದಿರು ಉಪವಾಸವಿದ್ದು ಗೋಡೆಗೆ ಕೆಮ್ಮಣ್ಣಿನಲ್ಲಿ ಅಹೋಯಿ ಮಾತೆಯನ್ನು ಬರೆಯುವ ಹಬ್ಬ. ಈಗ ಬಹಳ ಮನೆಗಳಲ್ಲಿ ಅಂಗಡಿಯಿಂದ ತಂದ ಅಚ್ಚಿನ ಪಟ. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲುಗಳಲ್ಲಿ ಅಂಟಿಸುವ ರಂಗೋಲಿ ಇರುವ ಹಾಗೆ.

ಅವಳು ಫೋಟೋ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕೂತು ಕುಂಚದ ಪೆನ್ನಿನಿಂದ ಬರೆದಳು. ಫೋಟೋ ಎಲ್ಲವನ್ನೂ ತರುತ್ತದೆ, ಕೈ ಆರಿಸಿಕೊಂಡು ತರುತ್ತದೆ ಅನ್ನುವುದು ಅವಳ ವಾದ. ಮನೆಗೆ ಬಂದು ಒಂದೇ ತೆನೆಯನ್ನು ಇಪ್ಪತ್ತು ಸಲ ಬರೆದಳು, ಹದಿನೇಳನ್ನು ಪಕ್ಕಕ್ಕಿಟ್ಟಳು. ಆಮೇಲೆ ಮಾಡಿದ್ದು ನನಗೆ ಬಹಳ ಹಿಡಿಸಿದ ಕೆಲಸ. ಒಂದು ಹಾಳೆಯ ನಡುವೆ ಚಿತ್ತಾರ ಬರೆದಳು, ಅಂಚಿಗೆ ತಾಗಿಸದೆ. ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಎರಡು ತುಂಡು ಮಾಡಿ, ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಇಟ್ಟು ಟೇಪು ಹಚ್ಚಿದಳು. ಹೊರಗಿನ ಅಂಚುಗಳು ಈಗ ನಡುವೆ ಬಂದವು, ಅಲ್ಲಿ ಖಾಲಿ ಜಾಗ. ಹಾಗೆಯೇ ಅಡ್ಡ ಕತ್ತರಿಸಿ ಮೇಲಿನದನ್ನು ಕೆಳಗೆ ಇಟ್ಟಳು. ನಡುವಿನ ಖಾಲಿ ಜಾಗವನ್ನು ಹೊಸ ಗೆರೆಗಳಿಂದ ತುಂಬಿದಳು. ಇಷ್ಟಾದರೆ ಆ ಹಾಳೆಯ ಪಕ್ಕ ಅದೇ ಹಾಳೆ ಎಷ್ಟು ಇಟ್ಟರೂ ಕೂಡಿಕೊಳ್ಳುತ್ತದೆ, ಕೊಂಡಿ ಕಾಣುವುದಿಲ್ಲ. ಗಣಕ ಬರುವ ಮುಂಚೆಯಿಂದ ಇರುವ ಉಪಾಯ. ಕತ್ತರಿ ಮತ್ತು ಟೇಪು, ಅಷ್ಟೇ ಖರ್ಚು.

ಒಂಬತ್ತು ನೆರಳಚ್ಚು ತೆಗೆಸಿ ನೆಲದ ಮೇಲೆ ಜೋಡಿಸಿದೆವು. ಒಂದು ಹಾಳೆಯಲ್ಲಿ ಚೆಂದ ಕಂಡದ್ದು ಒಂಬತ್ತರಲ್ಲಿ ಕೆಟ್ಟಿತ್ತು. ತೆನೆಗಳ ನಡುವಿನ ಬಿಳಿ ಜಾಗಗಳು ಸೇರಿ ಓರೆಯಾಗಿ ಕಾಲುದಾರಿ ಬಿದ್ದಿತ್ತು, ಹೊಲದಲ್ಲಿ ದನ ನಡೆದ ಹಾಗೆ. ಕಣ್ಣು ಚಿತ್ತಾರವನ್ನು ಬಿಟ್ಟು ಆ ದಾರಿಯನ್ನೇ ಹಿಡಿದು ಹೋಗುತ್ತಿತ್ತು. ಅವಳು ಎರಡು ತೆನೆ ಸರಿಸಿ, ಒಂದನ್ನು ಬಾಗಿಸಿ, ಮತ್ತೆ ಒಂಬತ್ತು ಅಚ್ಚು. ಮೂರನೇ ಸಲ ಕೂಡಿತು. ಬಣ್ಣದಲ್ಲೂ ಅವಳು ಜಿಪುಣತನ ಮಾಡಿದಳು, ಎರಡೇ. ನಮ್ಮ ಹತ್ತಿರದ ಪಿಲಖುವಾದಲ್ಲಿ ಚಾದರಗಳಿಗೆ ಅಚ್ಚು ಹಾಕುವವರಿದ್ದಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆಯೋ ಅಚ್ಚೋ ಬೇಕು, ಬಣ್ಣ ಹೆಚ್ಚಿದಷ್ಟೂ ಖರ್ಚು. ಈ ಬಡತನ ಚಿತ್ತಾರಕ್ಕೆ ಒಳ್ಳೆಯದೇ ಮಾಡಿದೆ ಅಂತ ನನ್ನ ಅಭಿಪ್ರಾಯ. ಆ ಬಿಟೋರಾ ಹಾಳೆಯಲ್ಲಿ ಸಗಣಿಯೂ ಇಲ್ಲ, ಬಣವೆಯೂ ಇಲ್ಲ. ಆದರೆ ಹಸಿ ಮೈ ಮೇಲೆ ಬೆರಳು ಎಳೆದ ವೇಗ ಇದೆ. ಗೆರೆ ಶುರುವಾಗುವಲ್ಲಿ ದಪ್ಪ, ಮುಗಿಯುವಲ್ಲಿ ಸಣ್ಣ. ಅವಳ ಎಲ್ಲ ಕೆಲಸಗಳಲ್ಲಿ ನಾನು ಒಳ್ಳೆಯದು ಅನ್ನುವುದು ಅದೊಂದನ್ನೇ. ಉಳಿದವು ಇನ್ನೂ ಆಗಬೇಕು.

ಈಗ ತೊಡಕಿನ ಸಂಗತಿ. ಆ ಗವಸು ನೋಡಿ ಬಂದ ತಿಂಗಳೊಳಗೆ ಒಬ್ಬ ಖರೀದಿದಾರ ಸೊಸೆಯನ್ನು ದಕ್ಷಿಣದ ಚಿತ್ತಾರ ಬೇಕು ಅಂತ ಕೇಳಿದ. ಒಳ್ಳೆಯ ಮೊತ್ತ. ನನ್ನ ಪೆಟ್ಟಿಗೆಯಲ್ಲಿ ನಮ್ಮವ್ವನ ಕರೀ ಚಂದ್ರಕಾಳಿ ಸೀರೆ ಇದೆ, ಅವಳ ಮದುವೆಯದು. ಸೆರಗಿನ ಹತ್ತಿರ ಅಂಗೈಯಗಲ ಗೋಪುರ, ಪಕ್ಕಕ್ಕೆ ತೊಟ್ಟಿಲು. ‘ಅದರ ಪ್ರತಿ ತೆಗೆಯಲೇ?’ ಅಂದಳು. ‘ಬೇಡ’ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೈದು ದಿನ ಮನೆಯಲ್ಲಿ ಚಹಾ ಆಯಿತೇ, ಊಟ ಆಯಿತೇ ಅನ್ನುವುದರ ಆಚೆಗೆ ಮಾತಿಲ್ಲ. ಮಗ ಇಬ್ಬರ ನಡುವೆ ಪೇಪರ್ ಅಡ್ಡ ಹಿಡಿದು ಕೂತ.

ಆ ಹದಿನೈದು ದಿನ ನಾನು ಕಾನೂನು ಓದಿದೆ. ಬ್ಯಾಂಕಿನವರ ಚಟ ಇದು, ಮನಸ್ಸಿಗೆ ಬೇಜಾರಾದರೆ ನಿಯಮ ತೆರೆದು ಕೂರುವುದು. ಕರ್ನಾಟಕದ ಕಸೂತಿಗೆ ಭೌಗೋಳಿಕ ಗುರುತಿನ ನೋಂದಣಿ ಆಗಿದೆ. ಆದರೆ ಅದು ಕಾಯುವುದು ಹೆಸರನ್ನು, ಆ ಪ್ರದೇಶದ ಕಸೂತಿ ಅಂತ ಸುಳ್ಳು ಹೇಳಿ ಮಾರದ ಹಾಗೆ. ಗೋಪುರದ ಆಕಾರವನ್ನು ಯಾರು ಎಲ್ಲಿ ಅಚ್ಚು ಹಾಕಿದರೂ ಅದು ತಡೆಯಲಾರದು. ಹೊಸ ಚಿತ್ತಾರ ಬರೆದವರಿಗೆ 2000ದ ವಿನ್ಯಾಸ ಕಾಯ್ದೆ ಇದೆ. ನೋಂದಾಯಿಸಿದರೆ ಹತ್ತು ವರ್ಷ, ಆಮೇಲೆ ಐದು ವರ್ಷ ಮುಂದುವರಿಸಬಹುದು. ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ ಬಿಟ್ಟು ಅದನ್ನು ಕಾರ್ಖಾನೆಯಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ಅಚ್ಚು ಹಾಕಿದರೆ ಕೃತಿಸ್ವಾಮ್ಯವೂ ಹೋಗುತ್ತದೆ, 1957ರ ಕಾಯ್ದೆಯಲ್ಲೇ ಹಾಗಿದೆ. ಸೊಸೆಗೆ ಇದು ಗೊತ್ತಿರಲಿಲ್ಲ! ಅವಳ ಬಿಟೋರಾ ಹಾಳೆಗೆ ಅರ್ಜಿ ಹಾಕು ಅಂತ ಹೇಳಲಿಕ್ಕಾದರೂ ನಾನು ಮಾತಾಡಬೇಕಾಯಿತು.

ಆದರೆ ಅರ್ಜಿ ತುಂಬುವಾಗ ‘ಮೂಲ ಕರ್ತೃ’ ಯಾರು ಅನ್ನುವ ಪ್ರಶ್ನೆ ನನ್ನನ್ನೇ ಚುಚ್ಚಿತು. ‘ನಮ್ಮವ್ವನ ಸೀರೆ, ನಮ್ಮ ಚಿತ್ತಾರ’ ಅಂತ ನಾನು ಬೇಡ ಅಂದೆನಲ್ಲ, ಆ ಸೀರೆಗೆ ಕಸೂತಿ ಹಾಕಿದ್ದು ನಮ್ಮವ್ವ ಅಲ್ಲ. ಹಿಂದಿನ ಓಣಿಯ ಒಬ್ಬ ವಿಧವೆ. ಮನೆ ಮನೆಯ ಮದುವೆ ಸೀರೆಗಳಿಗೆ ಹಾಕಿಕೊಡುತ್ತಿದ್ದಳು, ಕೂಲಿ ಜೋಳದ ಲೆಕ್ಕದಲ್ಲಿ. ನಮ್ಮವ್ವ ಹೇಳುತ್ತಿದ್ದಳು, ‘ಆಕಿ ಕಣ್ಣು ಮುಚ್ಚಿದ್ರೂ ಎಳಿ ಎಣಸ್ತಿದ್ಳು’ ಅಂತ. ಆಕೆಯ ಹೆಸರು ನಮ್ಮವ್ವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಬ್ಯಾಂಕಿನಲ್ಲಿ ಮಹಿಳಾ ಸಂಘಗಳಿಗೆ ಕಸೂತಿಗಾಗಿ ಸಾಲ ಮಂಜೂರು ಮಾಡುವಾಗ ಜಾಮೀನು ಯಾರು, ಕಂತು ಎಷ್ಟು ಅಂತ ಕೇಳಿದೆ. ಈ ಗಿಳಿ ಯಾರು ಬರೆದದ್ದು ಅಂತ ಒಬ್ಬಳನ್ನೂ ಕೇಳಲಿಲ್ಲ. ಮೇಳದ ಗವಸಿನವನನ್ನು ಬೈಯುವ ಹಕ್ಕು ನನಗೆ ಎಷ್ಟಿದೆ? ಗವಸು ಕೆಟ್ಟದ್ದು ಅನ್ನುವ ತೀರ್ಪನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ, ಅದು ಎಳೆಯ ಲೆಕ್ಕ. ಕದ್ದದ್ದು ಅನ್ನುವ ಮಾತನ್ನು ಮಾತ್ರ ಹಿಂದೆ ತೆಗೆದುಕೊಂಡಿದ್ದೇನೆ.

ಸೀರೆ ತೆಗೆದು ಸೊಸೆಯ ಮುಂದೆ ಹರಡಿದೆ. ಪ್ರತಿ ತೆಗೆಯಲಿಕ್ಕಲ್ಲ, ಎಣಿಸಲಿಕ್ಕೆ. ಭೂತಗನ್ನಡಿ ಹಿಡಿದು ಗೋಪುರದ ಬುಡದಿಂದ ತುದಿಯವರೆಗೆ ಎರಡು ದಿನ ಎಣಿಸಿದಳು. ಆ ಖರೀದಿದಾರನಿಗೆ ಅವಳು ಕೊಟ್ಟದ್ದು ಗೋಪುರವನ್ನಲ್ಲ. ಮೆಟ್ಟಿಲಿನ ನಡಿಗೆಯನ್ನು ಮಾತ್ರ ಇಟ್ಟುಕೊಂಡು, ನಮ್ಮ ಬಾಲ್ಕನಿಯಿಂದ ಕಾಣುವ ಟವರುಗಳನ್ನು ಬರೆದಳು. ಅವನು ‘ಇದು ದಕ್ಷಿಣದ ಹಾಗೆ ಕಾಣುವುದಿಲ್ಲ’ ಅಂದ. ಆ ಆರ್ಡರು ಹೋಯಿತು. ಚಿತ್ತಾರದ ಲೆಕ್ಕದಲ್ಲಿ ಹೇಳುವುದಾದರೆ ಅವನು ಪೂರ್ತಿ ತಪ್ಪಲ್ಲ. ಟವರುಗಳ ಕಿಟಕಿಗಳು ವಿಪರೀತವಾಗಿದ್ದವು, ಕರೀ ನೆಲಕ್ಕೆ ಉಸಿರಾಡಲು ಜಾಗವಿರಲಿಲ್ಲ.

ನಾನೂ ಒಂದು ಹಿಡಿದುಕೊಂಡಿದ್ದೇನೆ. ಇಲ್ಲಿ ಸೂರಜಪುರದಲ್ಲಿ ಒಂದು ದೊಡ್ಡ ಜೌಗು ಕೆರೆ ಇದೆ, ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಬೆಳ್ಳನೆ ತಲೆ, ಹಿಂದೆ ಎರಡು ಕರೀ ಪಟ್ಟಿ. ಗದಗದಲ್ಲಿ ಕೆಲಸದಲ್ಲಿದ್ದಾಗ ಮಾಗಡಿ ಕೆರೆಯಲ್ಲಿ ಇವನ್ನೇ ನೋಡಿದ್ದೆ. ಹಿಮಾಲಯ ದಾಟಿ ಬರುವ ಹಕ್ಕಿಗಳು, ಕೆಲವು ಇಲ್ಲೇ ನಿಲ್ಲುತ್ತವೆ, ಕೆಲವು ನಮ್ಮೂರಿನವರೆಗೆ ಹೋಗುತ್ತವೆ. ಚೌಕುಳಿ ಕಾಗದದ ಮೇಲೆ ಅದನ್ನು ಗವಂತಿಗೆ ಇಳಿಸುತ್ತಿದ್ದೇನೆ. ಮೈ ಬಂತು, ಕುತ್ತಿಗೆ ಬಂತು. ತಲೆಯ ಎರಡು ಪಟ್ಟಿ ಮಾತ್ರ ಕೂಡುತ್ತಿಲ್ಲ. ಪಟ್ಟಿಗಳು ಮೈಯಿಂದ ಬಿಡಿಯಾಗಿ ನಿಲ್ಲುತ್ತವೆ, ಸೂಜಿ ಅಲ್ಲಿಗೆ ಹೋಗಿ ಬರಲಿಕ್ಕೆ ದಾರಿ ಇಲ್ಲ. ಹಿಂದಿನಿಂದ ದಾರ ಎಳೆದು ದಾಟಿಸಬಹುದು, ಮುಂದಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಮೊನ್ನೆ ಬೇಜಾರಾಗಿ ಹಾಗೇ ಮಾಡಿ ಸೊಸೆಗೆ ತೋರಿಸಿದೆ. ಚೆಂದ ಇದೆ ಅನ್ನಲಿಲ್ಲ. ಕೈಗೆ ತೆಗೆದುಕೊಂಡು ಮೊದಲು ಬಟ್ಟೆಯ ಹಿಂಭಾಗ ಹೊರಳಿಸಿದಳು.